ಡಬ್ಬಿಗೆ ಕೇಳಿಸದ ನಡುಕ

ಹೆಂಡತಿಯನ್ನು ಹೊಗಳಿ ಬರೆಯುವ ಗಂಡನನ್ನು ನಮ್ಮ ಕಡೆಯ ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದಿರಬೇಕು ಎಂದುಕೊಳ್ಳುತ್ತಾರೆ. ನಾನು ಅಂಥದ್ದೇನೂ ಮಾಡಿಲ್ಲ. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಮೂವತ್ತೊಂದು ವರ್ಷ ಸ್ಟೋರ್‌ಕೀಪರ್ ಆಗಿ ನಟ್ಟು ಬೋಲ್ಟುಗಳನ್ನು ಕಾದು, ಈಗ ನಿವೃತ್ತನಾಗಿ ಆಕುರ್ಡಿಯ ಮೂರನೇ ಮಹಡಿಯಲ್ಲಿ ಕೂತಿದ್ದೇನೆ. ಹೆಸರು ಮಧುಕರ. ನನ್ನ ಬಗ್ಗೆ ಇಷ್ಟು ಸಾಕು, ಬರೆಯಬೇಕಾದದ್ದು ನರ್ಮದೆಯ ಬಗ್ಗೆ.

ನರ್ಮದಾ ಧಾರವಾಡದವಳು. ಹುಬ್ಬಳ್ಳಿಯ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುವಾಗ ತರಗತಿಗೆ ಇವಳೊಬ್ಬಳೇ ಹೆಣ್ಣು. ಮದುವೆಯಾಗಿ ಪುಣೆಗೆ ಬಂದ ಮೇಲೆ ಭೋಸರಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸರ್ಕಿಟ್ ಬೋರ್ಡುಗಳಿಗೆ ಸೋಲ್ಡರಿಂಗ್ ಮಾಡಿದಳು. ಕಾರ್ಖಾನೆ ಮುಚ್ಚಿದಾಗ ವಯಸ್ಸು ನಲವತ್ತಾರು. ಇನ್ನು ಮನೆಯಲ್ಲಿ ಆರಾಮವಾಗಿ ಇರುತ್ತಾಳೆ, ಮಧ್ಯಾಹ್ನ ಬಿಸಿ ರೊಟ್ಟಿ ಸಿಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಅವಳು ಗ್ಯಾಲರಿಯಲ್ಲಿದ್ದ ನನ್ನ ತುಳಸಿ, ಮಲ್ಲಿಗೆ ಕುಂಡಗಳನ್ನು ಒಂದು ಮೂಲೆಗೆ ತಳ್ಳಿ, ಟೇಬಲ್ಲು ಹಾಕಿ, ಕೆಟ್ಟ ಬೋರ್ಡುಗಳ ರಿಪೇರಿ ಶುರುಮಾಡಿದಳು. ರೊಟ್ಟಿ ಬಡಿಯಲು ನಾನೇ ಕಲಿತೆ. ಈಗಲೂ ನನ್ನ ರೊಟ್ಟಿ ನಕಾಶೆಯ ಹಾಗೆ ಬರುತ್ತದೆ.

ರಿಪೇರಿ ಮಾಡುತ್ತ ಮಾಡುತ್ತ ಪ್ರೋಗ್ರಾಮ್ ಬರೆಯುವುದನ್ನೂ ಕಲಿತಳು. ಮೊಬೈಲಿನಲ್ಲಿ ವಿಡಿಯೋ ಹಚ್ಚಿ, ಅರ್ಥವಾಗದ ಮಾತನ್ನು ಹಿಂದೆ ಸರಿಸಿ ಸರಿಸಿ ಹತ್ತು ಸಲ ಕೇಳಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾನು ಅದನ್ನು ಮೂರು ವರ್ಷ ನಿಷ್ಠೆಯಿಂದ ಪಾಲಿಸಿದೆ. ಏನೋ ಟೈಂಪಾಸ್ ಮಾಡುತ್ತಾಳೆ ಎಂದೇ ನನ್ನ ಭಾವನೆ. ಆಮೇಲೆ ಒಂದು ದಿನ ಚಾಕಣದ ಕಾರ್ಖಾನೆಯವರೊಬ್ಬರು ಕಾರಿನಲ್ಲಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಮೇಡಂ ಇದ್ದಾರೆಯೇ ಎಂದು ನನ್ನನ್ನು ಕೇಳಿದರು. ಆಗ ನನಗೆ ಬುದ್ಧಿ ಬಂತು.

ಅವಳು ಮಾಡುವುದು ಸಾಬೂನಿನಷ್ಟು ದೊಡ್ಡ ಡಬ್ಬಿ. ಅದನ್ನು ಕಾರ್ಖಾನೆಯ ಯಂತ್ರಕ್ಕೆ ಅಂಟಿಸುತ್ತಾರೆ. ಒಳಗೆ ಎರಡು ಎಲೆಕ್ಟ್ರಾನಿಕ್ ಚಿಪ್ಪು. ಒಂದು ಯಂತ್ರದ ಅಲುಗಾಟವನ್ನು ಅಳೆಯುತ್ತದೆ, ಇನ್ನೊಂದು ಆ ಅಳತೆಯನ್ನು ವೈಫೈ ಮೇಲೆ ಆಫೀಸಿನ ಕಂಪ್ಯೂಟರಿಗೆ ಕಳಿಸುತ್ತದೆ. ಅಲುಗಾಟ ಹೆಚ್ಚಾದರೆ ಯಂತ್ರದೊಳಗೆ ಏನೋ ಸವೆದಿದೆ ಎಂದು ಅರ್ಥ. ನಾಡಿ ನೋಡುವ ವೈದ್ಯರ ಹಾಗೆ ಎಂದು ಅವಳು ಹೇಳಿದ ಮೇಲೆ ನನಗೂ ತಿಳಿಯಿತು.

ಹೋದ ವರ್ಷ ಅಂಥ ಒಂದು ಡಬ್ಬಿ ರಾಂಜಣಗಾಂವದ ಒಂದು ಕಾರ್ಖಾನೆಗೆ ಹೋಯಿತು. ಹಾಕಿಸಿಕೊಂಡವನು ಅಲ್ಲಿಯ ಎಂಜಿನಿಯರ್ ಮಿಥುನ. ಉಡುಪಿ ಕಡೆಯ ಹೋಟೆಲಿನವರ ಮಗ, ಪುಣೆಯಲ್ಲೇ ಹುಟ್ಟಿ ಬೆಳೆದವನು, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಪರಿಚಯವಾದವನು. ಅವರಲ್ಲಿ ಲೋಹ ಕಡೆಯುವ ಒಂದು ಲೇಥ್ ಮೇಲೆ ಪದೇ ಪದೇ ಟೂಲ್, ಅಂದರೆ ಕತ್ತರಿಸುವ ಉಳಿ, ಮುರಿಯುತ್ತಿತ್ತು. ಆ ಲೇಥ್ ನಡೆಸುತ್ತಿದ್ದವನು ಬಾಬು ಎಂಬ ಅಕ್ಕಲಕೋಟೆಯವನು, ಹದಿನೇಳು ವರ್ಷದಿಂದ ಅಲ್ಲೇ ಕೆಲಸದಲ್ಲಿದ್ದವನು. ಯಂತ್ರವೇ ನಡುಗುತ್ತದೆ, ಅದಕ್ಕೇ ಮುರಿಯುತ್ತದೆ ಎಂದು ಬಾಬು ಹೇಳುತ್ತಿದ್ದ. ಉಳಿದವರಿಗೆ ನಡುಗಿದ್ದು ಕಂಡಿರಲಿಲ್ಲ. ಡಬ್ಬಿ ಹಚ್ಚಿದರೆ ಸತ್ಯ ಗೊತ್ತಾಗುತ್ತದೆ ಎಂದು ಮಿಥುನ ಹಚ್ಚಿಸಿದ. ಎರಡು ವಾರದಲ್ಲಿ ಮೂರು ಟೂಲ್ ಮುರಿದವು, ಡಬ್ಬಿ ಕಳಿಸಿದ ಗೆರೆ ಮಾತ್ರ ಸಮ ನೆಲದ ಹಾಗೆ ಸಪಾಟಾಗಿತ್ತು. ನಡುಕ ಇಲ್ಲ ಎಂದು ನರ್ಮದಾ ವರದಿ ಬರೆದು ಸಹಿ ಮಾಡಿ ಕೊಟ್ಟಳು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ, ಹಾಗೆ ಎಲ್ಲರೂ ನಂಬಿದರು. ವರದಿಯ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ಬಾಬುವಿನ ನಿಷ್ಕಾಳಜಿಯೇ ಕಾರಣ ಎಂದು ಕೆಳಗೆ ಬರೆದರು. ಅವನನ್ನು ಪ್ಯಾಕಿಂಗ್ ಕಡೆಗೆ ಹಾಕಿ ಖಾಲಿ ಪೆಟ್ಟಿಗೆ ಜೋಡಿಸುವ ಕೆಲಸ ಕೊಟ್ಟರು. ತಿಂಗಳ ಕೊನೆಗೆ ಕೆಲಸದಿಂದಲೇ ತೆಗೆಯುವ ಮಾತು ನಡೆದಿತ್ತು.

ವರದಿ ಕೊಟ್ಟ ಮೇಲೆ ನಡೆದದ್ದೊಂದೂ ನಮಗೆ ಗೊತ್ತಿರಲಿಲ್ಲ. ಆಷಾಢದ ಯಾತ್ರೆಯ ಪಾಲಖಿ ಆಕುರ್ಡಿ ದಾಟಿ ಹೋದ ಮರುವಾರ, ಒಂದು ಭಾನುವಾರ ಬೆಳಿಗ್ಗೆ ಬಾಬು ನಮ್ಮ ಬಾಗಿಲಿಗೆ ಬಂದು ನಿಂತಾಗ ಗೊತ್ತಾಯಿತು. ನಲವತ್ತು ದಾಟಿದ ಗಟ್ಟಿ ಆಳು, ಇಸ್ತ್ರಿ ಮಾಡಿದ ಅಂಗಿ. ಜಗಳಕ್ಕೆ ಬಂದಿದ್ದಾನೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವನು ನೀರು ಸಹ ಕೇಳಲಿಲ್ಲ. ನಡೆದದ್ದನ್ನೆಲ್ಲ ಹೇಳಿ ಕೈಮುಗಿದ.

"ಬಾಯಾರ, ನಿಮ್ಮ ಮ್ಯಾಲ ಸಿಟ್ಟಿಲ್ರಿ. ನಿಮ್ಮ ಡಬ್ಬಿಗೆ ಏನೂ ತಿಳದಿಲ್ಲಂತ. ನನ್ನ ಕೈಗೆ ತಿಳದದ. ಅದು ಹೆಂಗ ಅಂತ ಕೇಳಾಕ ಬಂದೀನಿ."

ನರ್ಮದಾ ಅವನನ್ನು ಕೂರಿಸಿ, "ಹೆಂಗ ನಡಗತದ, ತೋರಸ್ರಿ" ಎಂದಳು.

ಅವನು ಊಟದ ಟೇಬಲ್ಲಿನ ಮೇಲಿದ್ದ ಸ್ಟೀಲ್ ತಾಟನ್ನು ಬೋರಲು ಹಾಕಿ, ಹತ್ತೂ ಬೆರಳಿನ ಉಗುರುಗಳಿಂದ ಅದರ ಮೇಲೆ ಒಮ್ಮೆಲೇ ಬಡಿದ. ಮಳೆ ತಗಡಿನ ಮೇಲೆ ಬಿದ್ದಂಥ ಸದ್ದು ಬಂದು ನಿಂತಿತು.

"ಇದರಕಿಂತ ಜೋರು. ಹಿಂದ ಮುಂದ, ಹಿಂದ ಮುಂದ. ಎರಡು ಚಿಟಿಕಿ ಹೊಡಿಯೂದ್ರಾಗ ಮುಗದು ಹೋಗತದ. ಆಮ್ಯಾಲ ಟೂಲ್ ಕಟ್ ಅಂತದ."

ನರ್ಮದೆಯ ಮುಖ ಬಿಳಿಚಿಕೊಂಡದ್ದನ್ನು ಮೂವತ್ತು ವರ್ಷದ ಸಂಸಾರದಲ್ಲಿ ನಾನು ಎರಡೇ ಸಲ ನೋಡಿದ್ದೇನೆ. ಒಮ್ಮೆ ಅವಳ ತಂದೆ ತೀರಿದಾಗ, ಇನ್ನೊಮ್ಮೆ ಆವತ್ತು. ಅವಳು ತಾನೂ ಆ ತಾಟಿನ ಮೇಲೆ ಉಗುರುಗಳಿಂದ ಎರಡು ಮೂರು ಸಲ ಬಡಿದು ನೋಡಿದಳು. ಕೊನೆಗೆ, "ತಪ್ಪು ನನ್ನ ಕಡೆ ಇದ್ದಂಗ ಅದರಿ. ಖಾತ್ರಿ ಮಾಡಿಕೊಳ್ಳಾಕ ನನಗ ಹತ್ತು ದಿನ ಕೊಡ್ರಿ" ಎಂದಳು. ಅವನ ಎದುರಿಗೇ ಮಿಥುನನಿಗೆ ಫೋನ್ ಮಾಡಿ, ನನ್ನ ವರದಿಯ ಮೇಲೆ ಸದ್ಯ ಯಾವ ನಿರ್ಧಾರವನ್ನೂ ಮಾಡಬೇಡಿ ಎಂದು ಕೇಳಿಕೊಂಡಳು.

ಅವನು ಹೋದ ಮೇಲೆ ನನಗೆ ಬಿಡಿಸಿ ಹೇಳಿದಳು. ಅಳೆಯುವ ಚಿಪ್ಪು ಜಾಣ, ಸೆಕೆಂಡಿಗೆ ಮೂರು ಸಾವಿರದ ಇನ್ನೂರು ಸಲ ಅಳೆಯುತ್ತದೆ. ಆದರೆ ವೈಫೈ ಮೇಲೆ ಕಳಿಸಲು ಆಗುತ್ತಿದ್ದದ್ದು ಸೆಕೆಂಡಿಗೆ ಇಪ್ಪತ್ತೇ. ಅದಕ್ಕೆ ಅವಳು ನೂರಾ ಅರವತ್ತು ಅಳತೆಗಳ ಸರಾಸರಿ ತೆಗೆದು, ಒಂದೇ ಸಂಖ್ಯೆ ಮಾಡಿ ಕಳಿಸುತ್ತಿದ್ದಳು. ನಿಧಾನವಾಗಿ ವಾಲುವ ಯಂತ್ರಕ್ಕೆ ಅಷ್ಟು ಸಾಕಿತ್ತು. ನಡುಕ ಎಂದರೆ ಹಿಂದೆ ಮುಂದೆ. ಹಿಂದಿನದನ್ನೂ ಮುಂದಿನದನ್ನೂ ಕೂಡಿದರೆ ಸೊನ್ನೆ. ಯಂತ್ರ ನಡುಗಿದ್ದೂ ನಿಜ, ಡಬ್ಬಿ ಸೊನ್ನೆ ಎಂದದ್ದೂ ನಿಜ.

"ಹಂಗಾರ ಸುಮ್ಮನ ಫೋನ್ ಮಾಡಿ ಹೇಳಿಬಿಡು" ಎಂದೆ.

"ಏನಂತ ಹೇಳಲಿ? ನಡಗಿರಬಹುದು ಅಂತ? ಬಹುದು ಅಂದ್ರ ಯಾರು ನಂಬತಾರ್ರಿ? ತೋರಸ್ಬೇಕು."

ಅವಳು ಹೇಳಿದ್ದು ಸರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅದು ಬರಬೇಕಾದರೆ ಹೋದ ದಾರಿಯಲ್ಲೇ, ಎಲ್ಲರ ಕಣ್ಣೆದುರಿಗೇ ಬರಬೇಕು. ಅದಕ್ಕೆ ಇಪ್ಪತ್ತು ಇದ್ದದ್ದು ಮೂರು ಸಾವಿರದ ಇನ್ನೂರು ಆಗಬೇಕಿತ್ತು, ಅದೂ ಹತ್ತು ದಿನದಲ್ಲಿ.

ಮೊದಲ ಮೂರು ದಿನ ಸಿಗ್ನಲ್ಲಿನ ಹಿಂದೆ ಬಿದ್ದಳು. ಹೊಸ ಆಂಟೆನಾ ತಂದಳು, ರೌಟರನ್ನು ದೇವರ ಕೋಣೆಯಲ್ಲಿಟ್ಟಳು, ಆಮೇಲೆ ಫ್ರಿಜ್ಜಿನ ಮೇಲೆ. ಇಪ್ಪತ್ತು ಇಪ್ಪತ್ತೊಂದಾಯಿತು, ಅಷ್ಟೇ. ನಾಲ್ಕನೇ ದಿನ ಅದನ್ನೆಲ್ಲ ಬದಿಗಿಟ್ಟು, ಒಂದೊಂದು ಸಂಖ್ಯೆ ಕಳಿಸುವಾಗ ಸಮಯ ಎಲ್ಲಿ ಹೋಗುತ್ತದೆ ಎಂದು ಅಳೆಯಲು ಕೂತಳು.

ಇಲ್ಲಿ ನನ್ನದೊಂದು ತಕರಾರಿದೆ. ಆವತ್ತು ಸಂಜೆ ನನ್ನ ತಂಗಿ ನೀಲಿಮಾ ಗಂಡನ ಜೊತೆ ಬಂದಿದ್ದಳು. ಕೂತದ್ದು ಇಪ್ಪತ್ತು ನಿಮಿಷ. ಬರ್ತೀವಿ ಎಂದು ಎದ್ದ ಮೇಲೆ ಅರಿಶಿನ ಕುಂಕುಮ, ಆಮೇಲೆ ಕುಪ್ಪಸದ ಖಣ, ಬಾಗಿಲಲ್ಲಿ ನಿಂತು ಅತ್ತೆಯ ಮೊಣಕಾಲಿನ ಸುದ್ದಿ, ಮೆಟ್ಟಿಲ ಮೇಲೆ ಇನ್ನೊಮ್ಮೆ ಬರ್ತೀವಿ, ಹೂಂ ಬರ್ರಿ, ಕೆಳಗೆ ಗೇಟಿನ ಹತ್ತಿರ ಮಗಳ ಮದುವೆಯ ಮಾತು. ಒಟ್ಟು ನಲವತ್ತು ನಿಮಿಷ. ನಮ್ಮ ಧಾರವಾಡದವರು ಹೋಗುತ್ತೇವೆ ಎಂದರೆ ಅದು ಹೋಗುವುದರ ಪೀಠಿಕೆ ಮಾತ್ರ. ಮೇಲೆ ಬಂದು ನಾನು ಸಿಡುಕಿದೆ: ಮಾತಿಗಿಂತ ಬೀಳ್ಕೊಡುಗೆಯೇ ಹೆಚ್ಚಾಯಿತು. ಅದನ್ನು ಕೇಳಿಯೇ ನರ್ಮದೆಗೆ ಹೊಳೆಯಿತು ಎಂದು ನನ್ನ ವಾದ. ಅದಕ್ಕಿಂತ ನಾಲ್ಕು ತಾಸು ಮೊದಲೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ ಎಂದು ಅವಳ ವಾದ. ಕಾಗದವನ್ನೂ ತೋರಿಸಿದಳು. ಆದರೂ ನಾನು ಬಿಟ್ಟುಕೊಟ್ಟಿಲ್ಲ.

ಕಾಗದದಲ್ಲಿ ಇದ್ದದ್ದು ಇದು. ಡಬ್ಬಿ ಪ್ರತಿಯೊಂದು ಸಂಖ್ಯೆಗೂ ಕಂಪ್ಯೂಟರಿನ ಬಾಗಿಲು ತಟ್ಟುತ್ತಿತ್ತು. ನಾನು ಇಂಥವನು ಎಂದು ಹೇಳಿ, ತಾರೀಖು, ವೇಳೆ, ಯಂತ್ರದ ಹೆಸರು ಎಲ್ಲ ಒಪ್ಪಿಸಿ, ಒಂದೇ ಒಂದು ಸಂಖ್ಯೆ ಕೊಟ್ಟು, ಮುಟ್ಟಿತು ಎಂಬ ಉತ್ತರಕ್ಕೆ ಕಾದು, ಹೋಗಿ ಬರ್ತೀನಿ ಎಂದು ಬಾಗಿಲು ಮುಚ್ಚಿಕೊಂಡು ಬರುತ್ತಿತ್ತು. ಮರುಕ್ಷಣ ಮತ್ತೆ ಬಾಗಿಲು ತಟ್ಟುತ್ತಿತ್ತು. ಐವತ್ತು ಪಾಲು ಸಮಯದಲ್ಲಿ ನಲವತ್ತೊಂಬತ್ತು ಪಾಲು ಈ ಉಪಚಾರಕ್ಕೇ ಹೋಗುತ್ತಿತ್ತು. ಬೇರೆ ಯಾರಾದರೂ ಪ್ರೋಗ್ರಾಮನ್ನು ಹಾಗೆ ಬರೆಯುತ್ತಿದ್ದರೋ ಇಲ್ಲವೋ. ಇವಳು ಬರೆದಿದ್ದಳು, ಯಾಕೆಂದರೆ ಇವಳು ಇರುವುದೇ ಹಾಗೆ. ಎದುರಿನವರು ಹೂಂ ಎನ್ನುವ ತನಕ ಫೋನ್ ಇಡುವುದೂ ಇವಳಿಗೆ ಒಗ್ಗುವುದಿಲ್ಲ.

"ನಾನು ಮರ್ಯಾದಿ ಕಲಿಸಿದ್ದೆ ಅದಕ್ಕ. ಆ ಮರ್ಯಾದಿ ಒಬ್ಬರ ಅನ್ನಕ್ಕ ಕುತ್ತು ತಂತು" ಎಂದಳು. ನಗುತ್ತ ಹೇಳಲಿಲ್ಲ.

ಆಮೇಲಿನ ಐದು ದಿನ ಅವಳು ಕೆಲಸ ಮಾಡಿದ ರೀತಿಗೆ ನಾನು ನಿಜವಾಗಿ ತಲೆಬಾಗಿದ್ದೇನೆ. ಬೆಳಗಿನ ಚಹಾ ಆದ ಕೂಡಲೇ ಗ್ಯಾಲರಿ ಸೇರಿದರೆ ಊಟಕ್ಕೆ ಕರೆದಾಗಲೇ ಏಳುವುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅಳತೆ, ಕಾಗದದ ಮೇಲೆ ಬರೆಯುವುದು, ಮುಂದಿನದು. ಅವಸರ ಇದ್ದವರು ಎರಡು ಒಟ್ಟಿಗೆ ಬದಲಿಸುತ್ತಾರೆ, ಆಮೇಲೆ ಯಾವುದರಿಂದ ಏನಾಯಿತು ಎಂದು ತಿಳಿಯದೆ ಒದ್ದಾಡುತ್ತಾರೆ. ಇವಳಿಗೆ ಆ ಚಟವಿಲ್ಲ. ಮೊದಲು ಬೆಳಿಗ್ಗೆ ಒಮ್ಮೆ ತೆರೆದ ಬಾಗಿಲನ್ನು ಸಂಜೆಯ ತನಕ ಮುಚ್ಚದ ಹಾಗೆ ಮಾಡಿದಳು. ಇಪ್ಪತ್ತು ಇನ್ನೂರಾಯಿತು. ವಿದ್ಯುತ್ ಉಳಿಸಲು ವೈಫೈ ಚಿಪ್ಪು ನಡುನಡುವೆ ತೂಕಡಿಸುತ್ತದೆ ಎಂದು ಎಲ್ಲೋ ಓದಿ ಆ ನಿದ್ದೆಯನ್ನು ಬಿಡಿಸಿದಳು. ಐನೂರು ದಾಟಿತು. ನನ್ನ ಮಧ್ಯಾಹ್ನದ ನಿದ್ದೆಯ ಕಡೆಗೂ ಒಮ್ಮೆ ನೋಡಿದಳು, ನಾನು ಎದ್ದು ಕೂತೆ. ಆಮೇಲೆ ಒಂದೊಂದಾಗಿ ಕಳಿಸುವುದನ್ನು ಬಿಟ್ಟು, ಸಾವಿರದ ಆರುನೂರು ಅಳತೆಗಳನ್ನು ಒಂದು ಗಂಟು ಕಟ್ಟಿ, ಮೇಲೆ ಒಂದೇ ಸಲ ವಿಳಾಸ ಬರೆದು ಕಳಿಸಿದಳು. ವೇಗ ಬಂತು, ಆದರೆ ಗಂಟು ಕಳಿಸುವಷ್ಟು ಹೊತ್ತು ಅಳೆಯುವುದು ನಿಂತು, ಗೆರೆಯಲ್ಲಿ ಹಲ್ಲು ಬಿದ್ದ ಹಾಗೆ ಸಂದಿಗಳು ಕಂಡವು.

ಆ ಸಂದಿಯ ಮುಂದೆ ಒಂದು ಇಡೀ ದಿನ ಕೂತಳು. ಕೊನೆಗೆ ಬಿಡಿಸಿದ್ದು ಧಾರವಾಡದ ನಳದ ನೀರಿನ ಲೆಕ್ಕದಲ್ಲಿ. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನ ಹುಡುಗಿಯರು ಒಂದು ಕೊಡ ಇಟ್ಟುಕೊಳ್ಳುವುದಿಲ್ಲ. ಒಂದು ಸೊಂಟದ ಮೇಲೆ ಹೋಗುವಾಗ ಇನ್ನೊಂದು ನಳದ ಕೆಳಗೆ ತುಂಬುತ್ತಿರುತ್ತದೆ. ಡಬ್ಬಿಯೊಳಗೂ ಎರಡು ಕೊಡ ಮಾಡಿದಳು, ಒಂದು ತುಂಬುವಾಗ ಒಂದು ಹೋಗುತ್ತದೆ. ಒಂಬತ್ತನೇ ದಿನ ಪರದೆಯ ಮೇಲೆ ಮೂರು ಸಾವಿರದ ಇನ್ನೂರು ಬಂತು, ಸಂದಿ ಇಲ್ಲದೆ. ಅಲ್ಲಿಗೂ ಬಿಡಲಿಲ್ಲ. ಪ್ರತಿ ಗಂಟಿಗೂ ಕ್ರಮಸಂಖ್ಯೆ ಹಾಕಿದಳು, ಒಂದು ಕಳೆದರೂ ಪರದೆಯ ಮೇಲೆ ಕೆಂಪು ಬರುವ ಹಾಗೆ. ಗೊತ್ತಿಲ್ಲದ್ದನ್ನು ಇಲ್ಲ ಎಂದು ಇನ್ನೊಮ್ಮೆ ಹೇಳಬಾರದು, ಅಷ್ಟೇ ಅವಳ ಹಟ.

ಹತ್ತನೇ ದಿನ ರಾಂಜಣಗಾಂವಕ್ಕೆ ಹೊರಟೆವು. ಚಾಕಣದಲ್ಲಿ ಬಸ್ಸು ಬದಲಿಸಿ, ಶಿಕ್ರಾಪುರದ ಮೇಲೆ. ಲ್ಯಾಪ್‌ಟಾಪಿನ ಚೀಲ ಹೊರುವವನು ನಾನು. ಅಲ್ಲಿಯ ಹೆಸರುವಾಸಿ ಗಣಪತಿಗೆ ದೂರದಿಂದಲೇ ಕೈಮುಗಿದು ಕಾರ್ಖಾನೆಗೆ ಹೋದೆವು. ಮಿಥುನ ಒಳ್ಳೆಯ ಹುಡುಗನೇ, ಆದರೆ ಅಷ್ಟರಲ್ಲಿ ಅವನ ಮನಸ್ಸು ಗಟ್ಟಿಯಾಗಿತ್ತು. "ಮೇಡಂ, ಬಾಬುವನ್ನು ಲೇಥಿನಿಂದ ತೆಗೆದ ಮೇಲೆ ಒಂದು ಟೂಲೂ ಮುರಿದಿಲ್ಲ. ಇನ್ನೇನು ನೋಡುವುದುಂಟು?" ಎಂದ.

"ಈಗ ನಡಸೋರು ಯಾವ ಸ್ಪೀಡಿಗೆ ನಡಸ್ಲಿಕತ್ತಾರ್ರಿ?"

ಮಿಥುನ ನೋಡಿಬಂದ. ಹೊಸಬ ಹೆದರಿ ಅರ್ಧ ವೇಗದಲ್ಲಿ ನಡೆಸುತ್ತಿದ್ದ. ನರ್ಮದಾ ಒಂದೇ ಮಾತು ಕೇಳಿದಳು: ಬಾಬು ಒಂದು ಪಾಳಿ, ಕಂಪನಿ ಹೇಳಿದ ಪೂರ್ತಿ ವೇಗದಲ್ಲೇ ನಡೆಸಲಿ. ಮಿಥುನ ಒಪ್ಪಿ ಪ್ಯಾಕಿಂಗ್ ಕಡೆಗೆ ಹೇಳಿ ಕಳಿಸಿದ.

ನರ್ಮದಾ ಹೊಸ ಪ್ರೋಗ್ರಾಮ್ ತುಂಬಿದ ಡಬ್ಬಿಯನ್ನು ಲೇಥಿಗೆ ಹಚ್ಚಿದಳು. ಬಾಬು ಬಂದ. ಪರದೆಯನ್ನು ಅವನ ಬೆನ್ನ ಹಿಂದೆ, ಅವನಿಗೆ ಕಾಣದ ಹಾಗೆ ಇಟ್ಟರು. ನಡುಕ ತಿಳಿದ ಕೂಡಲೇ ಎಡಗೈ ಎತ್ತಬೇಕು, ಅಷ್ಟೇ ಅವನ ಕೆಲಸ. ಬಲ ಅಂಗೈಯನ್ನು ಯಂತ್ರದ ಮೈಗೆ ಹಚ್ಚಿ ನಿಂತ. ಒಂದು ತಾಸು ಏನೂ ಇಲ್ಲ. ಎರಡನೇ ತಾಸೂ ಇಲ್ಲ. ಮಿಥುನ ಗಡಿಯಾರ ನೋಡತೊಡಗಿದ. ನಾನು ಚೀಲದ ಜಿಪ್ಪನ್ನು ತೆಗೆದು ಹಾಕಿ ಮಾಡುತ್ತಿದ್ದೆ. ನರ್ಮದಾ ಮಾತ್ರ ಕಣ್ಣು ಕೀಳದೆ ಗೆರೆ ನೋಡುತ್ತಿದ್ದಳು.

ಮೂರನೇ ತಾಸಿನಲ್ಲಿ ಬಾಬುವಿನ ಎಡಗೈ ಮೇಲೆದ್ದಿತು. ಗೆರೆ ಸಪಾಟಾಗಿಯೇ ಇತ್ತು. ಮಿಥುನ ತಲೆ ಅಲ್ಲಾಡಿಸಲು ಶುರುಮಾಡಿದ್ದನಷ್ಟೇ, ಗೆರೆ ಒಮ್ಮೆಲೇ ಊದಿ, ಪರದೆಯ ಮೇಲಿಂದ ಕೆಳಗಿನ ತನಕ ಹರಡಿ, ಮತ್ತೆ ಶಾಂತವಾಯಿತು. ಬಾಬು ಅಷ್ಟರಲ್ಲಿ ಯಂತ್ರ ನಿಲ್ಲಿಸಿಬಿಟ್ಟಿದ್ದ, ಟೂಲ್ ಮುರಿಯಲಿಲ್ಲ. ಮತ್ತೆ ಶುರು ಮಾಡಿಸಿದರು. ಆ ಪಾಳಿಯಲ್ಲಿ ಅವನ ಕೈ ಇನ್ನೂ ಎರಡು ಸಲ ಎದ್ದಿತು, ಎರಡು ಸಲವೂ ಗೆರೆ ಊದಿತು. ಪ್ರತಿ ಸಲವೂ ಕೈ ಮುಂದೆ, ಗೆರೆ ಹಿಂದೆ.

"ಅದು ಹೇಗೆ ಮೇಡಂ? ಗೆರೆಗಿಂತ ಮೊದಲೇ ಇವರಿಗೆ ಹೇಗೆ ಗೊತ್ತಾಗುವುದು?" ಮಿಥುನನ ದನಿಯಲ್ಲಿ ಮತ್ತೆ ಅನುಮಾನ.

"ನನ್ನ ಡಬ್ಬಿ ಗಂಟು ಕಟ್ಟಿ ಕಳಸ್ತದರಿ. ಗಂಟು ತುಂಬಾಕ ಅರ್ಧ ಸೆಕೆಂಡು ಬೇಕು. ಅವರ ಕೈಗೆ ಆ ತಡಾ ಇಲ್ಲ."

ಮಿಥುನ ಲೇಥ್ ಬಿಚ್ಚಿ ನೋಡಲು ಹೇಳಿದ. ಮರುದಿನ ಲೇಥಿನ ತಲೆ ಬಿಚ್ಚಿದಾಗ ಒಳಗಿನ ಒಂದು ಬೇರಿಂಗ್ ಒಂದು ಬದಿಗೆ ಸವೆದು ಹೋಗಿತ್ತಂತೆ. ಅದು ಮರುದಿನದ ಮಾತು. ಮಿಥುನ ಅದಕ್ಕೆ ಕಾಯಲಿಲ್ಲ. ಆವತ್ತೇ ಬಾಬುವಿನ ಹತ್ತಿರ ಹೋಗಿ, ಎಲ್ಲರೆದುರಿಗೆ, ನಾಳೆಯಿಂದ ಲೇಥಿಗೆ ಬನ್ನಿ, ನನ್ನಿಂದ ತಪ್ಪಾಯಿತು ಎಂದ. ಅಷ್ಟು ಹೇಳಲು ಎಂಜಿನಿಯರನಿಗೂ ಎದೆ ಬೇಕು.

ನಾನು ಚೀಲ ಕಟ್ಟತೊಡಗಿದೆ. ನರ್ಮದಾ ಆಫೀಸಿನಲ್ಲಿ ಒಂದು ಬಿಳಿ ಕಾಗದ ಕೇಳಿ ಪಡೆದು, ಮರಾಠಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು: ನನ್ನ ಹಿಂದಿನ ವರದಿ ತಪ್ಪು. ಯಂತ್ರ ನಡುಗುತ್ತದೆ ಎಂದು ಬಾಬು ಹೇಳಿದ್ದು ಮೊದಲಿನಿಂದಲೂ ನಿಜ. ನನ್ನ ಉಪಕರಣ ನಿಧಾನವಾಗಿದ್ದರಿಂದ ಅದು ತಿಳಿಯಲಿಲ್ಲ. ಕೆಳಗೆ ಪೂರ್ತಿ ಹೆಸರು, ಸಹಿ.

ಮಿಥುನ ಗಾಬರಿಯಾದ. "ಮೇಡಂ, ಇದು ಬೇಡ. ಹಳೆಯದನ್ನು ತೆಗೆದು ಹೊಸ ವರದಿ ಹಾಕುವ. ಇದನ್ನು ನೋಡಿದರೆ ನಾಳೆ ಬೇರೆ ಕಂಪನಿಯವರು ನಿಮ್ಮನ್ನು ಕರೆಯಲಿಕ್ಕಿಲ್ಲ." ನಿಜ ಹೇಳುತ್ತೇನೆ, ನಾನೂ ಅವನ ಪಕ್ಷವೇ. ಆರು ವರ್ಷ ಕಷ್ಟಪಟ್ಟು ಗಳಿಸಿದ ಹೆಸರನ್ನು ಯಾರಾದರೂ ಹಾಗೆ ಗೋಡೆಗೆ ಹಚ್ಚುತ್ತಾರೆಯೇ?

"ಇಪ್ಪತ್ತಾರು ದಿನ ಅವರು ಸುಳ್ಳುಗಾರ ಅಂತ ಗ್ವಾಡಿ ಮ್ಯಾಲ ಇತ್ತಲ್ರಿ, ನನ್ನ ಸಹಿ ಕೆಳಗ" ಎಂದಳು. "ಅದು ಎಲ್ಲಿತ್ತೋ ಇದೂ ಅಲ್ಲೇ ಇರಲಿ. ಕರಿಯೋರು ಕರೀತಾರ." ತಾನೇ ಹೋಗಿ ಹಳೆಯ ಕಾಗದದ ಪಕ್ಕದಲ್ಲಿ ನಾಲ್ಕು ಪಿನ್ ಚುಚ್ಚಿದಳು.

ಪಾಳಿ ಬಿಡುವ ಹೊತ್ತು. ಜನ ನೆರೆದರು. ಬಾಬು ಎಲ್ಲರಿಗಿಂತ ಹಿಂದೆ ನಿಂತು ಕಾದು, ಅವರೆಲ್ಲ ಚದುರಿದ ಮೇಲೆ ಬೋರ್ಡಿನ ಹತ್ತಿರ ಬಂದ. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಎರಡು ಸಲ ಓದಿದ. ನರ್ಮದೆಯ ಕಡೆ ತಿರುಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದ:

"ಬಾಯಾರ, ಇದರದೊಂದು ಫೋಟೋ ಹೊಡಕೊಳ್ಳಲೇನ್ರಿ? ಮನ್ಯಾಗ ತೋರಸ್ಬೇಕು. ಶಿವಗಂಗವ್ವಗ, ನನ್ನ ಹೆಂಡ್ತಿಗೆ. ಆಕಿನೂ ಆ ಹಳೇ ಕಾಗದನ ನಂಬಿದ್ಲರಿ. ಮೂರು ವಾರ ಆತು, ನನ್ನ ಜೋಡಿ ಮಾತಾಡಿಲ್ಲ."

ಫೋಟೋ ತೆಗೆಯುವಾಗ ಆ ಕೈ, ಮೂರು ಸಲವೂ ತಪ್ಪದ ಆ ಕೈ, ನಡುಗುತ್ತಿತ್ತು. ಮೊದಲನೆಯದು ಮಸುಕಾಯಿತು. ನರ್ಮದಾ ಅವನ ಫೋನ್ ತೆಗೆದುಕೊಂಡು ತಾನೇ ತೆಗೆದು ಕೊಟ್ಟಳು. ಅವನು ಅದನ್ನು ಹೆಂಡತಿಗೆ ಕಳಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತ. ನಾವೂ ನಿಂತೆವು, ಬಸ್ಸು ತಪ್ಪಿದರೆ ತಪ್ಪಲಿ ಎಂದು. ಸ್ವಲ್ಪ ಹೊತ್ತಿಗೆ ಫೋನ್ ರಿಂಗಾಯಿತು. ಅವನು ಹಲೋ ಎನ್ನುವ ಮೊದಲೇ ಆ ಕಡೆಯಿಂದ ಹೆಂಗಸಿನ ದನಿ ನಮಗೂ ಕೇಳಿಸಿತು.

"ಇವತ್ತು ಸಂಜೀಕ ಎಷ್ಟಕ್ಕ ಬರ್ತೀರಿ?"